ಒಂಬತ್ತೂವರೆ ಸಾಕು

ಅಪ್ಪ ಬಿಟ್ಟುಹೋದ ಬೈಕಿಗೆ ಹನ್ನೊಂದರ ಕಂಪ್ರೆಷನ್ನೇ ಬೇಕೆಂದು ಹಟ ಹಿಡಿದವನು ಅಣ್ಣ. ಪಿಸ್ಟನ್ ಮೇಲೇರಿದಾಗ ಗಾಳಿ-ಪೆಟ್ರೋಲು ಹನ್ನೊಂದರಲ್ಲಿ ಒಂದು ಪಾಲಿಗೆ ಹಿಂಡಿಹೋಗಬೇಕು. ಅದಕ್ಕೆಂದೇ ತಲೆ ಉಬ್ಬಿದ ಪಿಸ್ಟನ್ ಹಾಕಿಸಿದ. ಏಪ್ರಿಲ್ ಬಿಸಿಲಿಗೆ, ಹರಿಹರದ ದಾರಿಯಲ್ಲಿ, ಎಂಜಿನ್ನಿನೊಳಗೆ ಮಂಡಕ್ಕಿ ಭಟ್ಟಿಯ ಸದ್ದು ಶುರುವಾಯಿತು. ಪೆಟ್ರೋಲು ಹೊತ್ತಿಗೆ ಮುಂಚೆಯೇ ಸಿಡಿಯುತ್ತಿತ್ತು. ಕೊನೆಗೆ ಪಿಸ್ಟನ್ನಿಗೆ ತೂತು ಬಿತ್ತು. ಓಡಿಸುತ್ತಿದ್ದವಳು ನಾನು, ಹಾಗಾಗಿ ತಪ್ಪೂ ನನ್ನದೇ ಆಯಿತು. ಪಿಸ್ಟನ್ನೇ ಸರಿಯಿಲ್ಲ ಅಂದೆ.

"ಕುಣಿಯಾಕ ಬರ್ದೋಳು ನೆಲ ಡೊಂಕು ಅಂದ್ಲಂತೆ," ಅಂದ ಅಣ್ಣ. "ಗಾಡಿ ಕಾಗ್ದ ನನ್ನ ಹೆಸರಲ್ಲೈತೆ. ಇನ್ನೊಂದ್ಸಲ ಕೆಟ್ರೆ, ಗಾಡಿ ಕೇಳ್ತಿದ್ನಲ್ಲ, ಆ ಆವರಗೆರೆಯೋನಿಗೆ ಮಾರಿಬಿಡ್ತೀನಿ."

ಮೈ ಉರಿಯಿತು. ಅದೇ ಬೈಕಿನಲ್ಲಿ ದಿನಾ ಹರಿಹರಕ್ಕೆ ಕೆಲಸಕ್ಕೆ ಹೋಗಿಬರುವವಳು ನಾನು, ಕಾಗದ ಮಾತ್ರ ಅವನದು.

ಈ ಸಲ ಪಿಸ್ಟನ್ ನಾನೇ ಆರಿಸಿದೆ. ಕಂಪನಿಯದು ಎಂಟೂವರೆ, ನನ್ನದು ಒಂಬತ್ತೂವರೆ, ತಲೆ ಚಪ್ಪಟೆ. ಹರಿಹರದಲ್ಲಿ ಪಿಸ್ಟನ್ ಅಳತೆಗೆ ಸಿಲಿಂಡರ್ ಕೊರೆದು ಬೋರ್ ಮಾಡುವ ಚಾಚಾ, ಪಿಸ್ಟನ್ ಕೈಗೆ ಬಾರದೆ ಸಿಲಿಂಡರ್ ಮುಟ್ಟುವವರಲ್ಲ. ತಿರುಗಿಸಿ ನೋಡಿ, "ಇಷ್ಟ್ ಕಮ್ಮಿ ಯಾಕವ್ವಾ? ಹುಡುಗ್ರೆಲ್ಲಾ ಹನ್ನೊಂದು, ಹನ್ನೆರಡು ಕೇಳ್ತಾರ," ಅಂದರು.

"ಹುಡುಗ್ರು ಬಂಕಲ್ಲಿ ಪೆಟ್ರೋಲ್ ಹಾಕಿಸ್ತಾರೋ, ಜಂಬ ಹಾಕಿಸ್ತಾರೋ ಚಾಚಾ? ನಂಗೆ ಬರೀ ಪೆಟ್ರೋಲ್ ಸಿಗ್ತೈತೆ, ಅದು ಹನ್ನೊಂದು ತಡ್ಕಳಲ್ಲ."

ಅವರು ನಕ್ಕು ಮಿಷನ್ ಹಚ್ಚಿದರು.

ಜೋಡಿಸುವಾಗ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೋ ಎಂದು ನೋಡಬೇಕಿತ್ತು. ಎಸ್.ಎಸ್. ಬಡಾವಣೆಯ ನಮ್ಮ ಮನೆಯಲ್ಲಿ ಅವ್ವ ಚಪಾತಿ ಹಿಟ್ಟು ನಾದುತ್ತಿದ್ದಳು. ಒಂದು ಉಂಡೆ ಕೇಳಿದೆ. ಅಣ್ಣ ಹಲ್ಲು ಕಿರಿದ. "ಎಣ್ಣಿ ಸವರು, ಇಲ್ಲಾಂದ್ರೆ ಅಂಟ್ಕಂತೈತೆ," ಅಂದು ಅವ್ವ ಕೊಟ್ಟಳು. ಪಿಸ್ಟನ್ ಮೇಲೆ ಹಿಟ್ಟಿಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಲ್ಲೇ ಸುತ್ತಿಸಿ ಬಿಚ್ಚಿದೆ. ವಾಲ್ವ್ ಒತ್ತಿದ ಕಡೆಯೂ ಹಿಟ್ಟು ಚಪಾತಿಯಷ್ಟು ದಪ್ಪ ಉಳಿದಿತ್ತು, ಬಡಿಯುವ ಭಯವಿರಲಿಲ್ಲ.

ಕೆಲವು ವಾರ ಮೆಲ್ಲಗೆ ಓಡಿಸಿ ಹದಕ್ಕೆ ತಂದೆ. ಆಮೇಲೆ ಒಂದು ಸುಡುವ ಮಧ್ಯಾಹ್ನ ಅಣ್ಣನನ್ನೇ ಹಿಂದೆ ಕೂರಿಸಿಕೊಂಡು ಹೊರಟೆ. ತಂಪು ಹೊತ್ತಲ್ಲಿ ಓಡಿಸಿದಳು ಅನ್ನುವ ಮಾತು ನನಗೆ ಬೇಕಿರಲಿಲ್ಲ. ಏರಿನಲ್ಲಿ ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಮಂಡಕ್ಕಿ ಸದ್ದಿಗಾಗಿ ಇಬ್ಬರೂ ಕಿವಿಗೊಟ್ಟೆವು. ಬರಲಿಲ್ಲ. ಬೈಕು ಗಟ್ಟಿಯಾಗಿ ಎಳೆಯುತ್ತಲೇ ಹೋಯಿತು.

ಹರಿಹರದ ಸೇತುವೆ ಹತ್ತಿರ ನಿಲ್ಲಿಸಿದೆ. ಅಣ್ಣ ನದಿ ನೋಡುತ್ತಾ, "ಆವರಗೆರೆಯೋನಿಗೆ ಬರಬ್ಯಾಡ ಅಂತೀನಿ," ಅಂದ. ಆಮೇಲೆ ಕೈ ಚಾಚಿದ. "ಕೀ ಕೊಡು, ವಾಪಸ್ ನಾನ್ ಓಡಿಸ್ತೀನಿ."

ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆ.

"ಮೊದ್ಲು ಕಾಗ್ದ ನನ್ನ ಹೆಸರಿಗೆ ಮಾಡ್ಸು, ಆಮ್ಯಾಲೆ ಕೇಳು. ಈಗ ಹಿಂದೆ ಕೂತ್ಕ ಅಣ್ಣ."

ಕೂತ.