ಕಿಟಕಿಯ ಕೆಳಗಿನ ಗುಳಿಗೆ

ನಮ್ಮ ಬೀದಿಯ ಶಾಲಾಮಕ್ಕಳ ಸಮವಸ್ತ್ರಗಳೆಲ್ಲ ಹೊಲಿಗೆಯಕ್ಕನ ಕೈಯಿಂದಲೇ ಬಂದವು. ಬೆಳೆಯುವ ಮಕ್ಕಳೆಂದು ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಿಚಿಡುವುದು ಅವಳ ಪದ್ಧತಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೂ ಐದು ವರ್ಷದ ಮಗಳೂ ಅವಳ ಸಂಸಾರ. ಮಗಳು ಮಾತಿನಮಲ್ಲಿ, ಎಲ್ಲರೂ ಅವಳನ್ನು ಮಲ್ಲಿ ಎಂದೇ ಕರೆಯುತ್ತಿದ್ದೆವು.

ತನ್ನ ಕೆಮ್ಮು ಕ್ಷಯದ್ದೆಂದು ತಿಳಿದಾಗ ಹೊಲಿಗೆಯಕ್ಕ ಮಲ್ಲಿಯನ್ನು ಎದುರು ಸಾಲಿನ ಮಹಡಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಕಳುಹಿಸಿದಳು. ಕಫದಲ್ಲಿ ರೋಗಾಣು ಇಲ್ಲವೆಂದು ಪರೀಕ್ಷೆ ಹೇಳಿದ ದಿನ ಮಗಳನ್ನು ಕರೆತರಬಹುದೆಂದು ಆರೋಗ್ಯ ಕೇಂದ್ರದ ದಾದಿ ತಿಳಿಸಿದ್ದರು. ಆ ದಿನದ ಮೇಲೆಯೇ ಜೀವವಿಟ್ಟುಕೊಂಡು ಅವಳು ದಿನವೂ ಕೇಂದ್ರಕ್ಕೆ ಹೋಗಿ, ದಾದಿಯ ಕಣ್ಣೆದುರಿಗೇ ಕೆಂಪು ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿ ಬರುತ್ತಿದ್ದಳು.

ಅಷ್ಟರಲ್ಲಿ ಮಹಾಮಾರಿ ಬಂದಿತು. ದಾದಿಯನ್ನು ಜ್ವರದ ಶಿಬಿರಕ್ಕೆ ಹಾಕಿದರು. ಕಫ ಪರೀಕ್ಷಿಸುವ ಯಂತ್ರವನ್ನೂ ಹೊಸ ಕಾಯಿಲೆಯ ಕೆಲಸಕ್ಕೆ ಒಯ್ದರು. ಹೊರಡುವಾಗ ದಾದಿ ಒಂದಿಷ್ಟು ಗುಳಿಗೆಗಳನ್ನು ಕೈಗಿತ್ತು, ಮನೆಯವರ ಎದುರಿಗೆ ನುಂಗೆಂದರು. ಮನೆಯಲ್ಲಿ ಯಾರಿದ್ದರು? ಹೊಲಿಗೆಯಕ್ಕ ಅಕ್ಕನ ಮನೆಯ ಕಿಟಕಿಯ ಕೆಳಗೆ ಬಂದು ನಿಂತು ನುಂಗತೊಡಗಿದಳು. ಮೇಲೆ ಸರಳು ಹಿಡಿದು ನಿಂತ ಮಲ್ಲಿ, ದಾದಿಗಿಂತ ಒಂದು ಕೈ ಮೇಲೆಂಬಂತೆ ಗದರುತ್ತಿದ್ದಳು:

“ನಾಲಿಗೆ ಎತ್ತಮ್ಮ. ಕೆಳಗೆ ಬಚ್ಚಿಟ್ಕೊಂಡಿದ್ದೀಯೇನೋ ನೋಡ್ಬೇಕು.”

ಬೀದಿಗೆ ಬೀದಿಯೇ ನಗುತ್ತಿತ್ತು. ಅವಳು ಮಾತ್ರ ಬಾಯಿ ತೆರೆದುಕೊಂಡೇ ಮಗಳನ್ನು ಕಣ್ತುಂಬ ನೋಡುತ್ತಿದ್ದಳು. ಬಾಯಿ ಮುಚ್ಚಿದ ಮೇಲೆ ಅಲ್ಲಿ ನಿಲ್ಲಲು ನೆಪವಿರುತ್ತಿರಲಿಲ್ಲ.

ಗುಳಿಗೆಗಳು ಮುಗಿಯುತ್ತ ಬಂದವು. ಕೆಮ್ಮುತ್ತ ಕೇಂದ್ರಕ್ಕೆ ಹೋದವರನ್ನೆಲ್ಲ ಎಲ್ಲಿಗೋ ಕರೆದೊಯ್ಯುತ್ತಾರೆಂಬ ಸುದ್ದಿ ಹರಡಿತ್ತು. ತನ್ನನ್ನೂ ಒಯ್ದರೆ ಈ ಕಿಟಕಿಯೂ ತಪ್ಪೀತೆಂದು ಹೆದರಿ ಅವಳು ಅತ್ತ ತಲೆಹಾಕಲಿಲ್ಲ. ಬಟ್ಟೆ ಸಾಲದಾಗ ತುಂಡು ಸೇರಿಸಿ ಹೊಂದಿಸುವವಳಲ್ಲವೇ, ಗುಳಿಗೆಯನ್ನೂ ಹಾಗೆಯೇ ಹೊಂದಿಸಿದಳು. ಒಂದು ದಿನ ಗುಳಿಗೆ, ಮರುದಿನ ಪೆಪ್ಪರ್‌ಮಿಂಟು. ಮುಷ್ಟಿಯಲ್ಲಿ ಮುಚ್ಚಿಟ್ಟು ಬಾಯಿಗೆ ಹಾಕಿಕೊಂಡರೆ ಮೇಲಿನವಳಿಗೆ ತಿಳಿಯದೆಂದು ನಂಬಿದ್ದಳು.

ಮಲ್ಲಿ ಒಳಗೆ ಹೋಗಿ ದೂರು ಕೊಟ್ಟಳು: “ದೊಡ್ಡಮ್ಮ, ಅಮ್ಮ ಗುಳಿಗೆ ನುಂಗ್ಲಿಲ್ಲ, ಚೀಪಿದ್ಲು. ನಂಗೆ ಒಂದೂ ಕೊಡ್ಲಿಲ್ಲ.”

ಅಕ್ಕ ಧಡಧಡನೆ ಕೆಳಗಿಳಿದು ಬಂದು, ದೂರದಲ್ಲೇ ನಿಂತು ತಂಗಿಯ ಬಾಯಿ ಬಿಡಿಸಿದಳು.

“ಅಂಗಿಗೆ ತೇಪೆ ಹಾಕ್ತೀಯ, ಸರಿ. ಕಾಯಿಲೆಗೂ ತೇಪೆ ಹಾಕೋಕೆ ಹೋದ್ಯಲ್ಲೇ?” ಎಂದು ಬೈಯುತ್ತಲೇ ಕಣ್ಣೊರೆಸಿಕೊಂಡಳು.

ಅವಳು ಫೋನು ಮಾಡಿದ್ದರಿಂದ ದಾದಿ ಶಿಬಿರ ಮುಗಿಸಿ ಸಂಜೆ ಬಂದರು. ಮುಖದ ಮೇಲೆ ಮುಖಗವಸಿನ ಬರೆ ಎದ್ದಿತ್ತು. ಅವರು ಬೈಯಲಿಲ್ಲ. ವೈದ್ಯರನ್ನು ಕೇಳಿ, ಚಿಕಿತ್ಸೆಯನ್ನು ಮೊದಲಿನಿಂದ ಶುರುಮಾಡಬೇಕೆಂದಷ್ಟೇ ಹೇಳಿ, ಗುಳಿಗೆಗಳನ್ನು ತಾವೇ ತಂದುಕೊಡತೊಡಗಿದರು. ಹೊಲಿಗೆಯಕ್ಕ ಎಷ್ಟು ತಿಂಗಳೆಂದು ಕೇಳಲಿಲ್ಲ, ಕಿಟಕಿಯತ್ತ ನೋಡಿದಳು.

ಯಂತ್ರ ಕೇಂದ್ರಕ್ಕೆ ಮರಳಿ, ಅವಳ ಕಫ ಶುದ್ಧವಾಗಿದೆಯೆಂದು ತಿಳಿಯುವ ಹೊತ್ತಿಗೆ ಮಲ್ಲಿಯ ಮುಂದಿನ ಹಲ್ಲುಗಳು ಬಿದ್ದಿದ್ದವು. ಹೊಲಿಗೆಯಕ್ಕ ತಲೆ ಬಾಚಿಕೊಂಡು ಅಕ್ಕನ ಮನೆಯ ಮೆಟ್ಟಿಲು ಹತ್ತಿದಳು. ಓಡಿ ಬಂದ ಮಗು ಬಾಗಿಲಲ್ಲಿ ಗಕ್ಕನೆ ನಿಂತಿತು. ಹತ್ತಿರ ಹೋಗಬಾರದೆಂದು ಅಷ್ಟು ಕಾಲ ಕಲಿಸಿದ ಪಾಠ ಅದು.

“ಮುಟ್ಬಹುದಾ ದೊಡ್ಡಮ್ಮ?”

ದೊಡ್ಡಮ್ಮ ಹೂಂ ಎಂದು ತಲೆಯಾಡಿಸಿದಳು. ಆದರೂ ಮಲ್ಲಿ ಕದಲಲಿಲ್ಲ. ಹೊಲಿಗೆಯಕ್ಕ ಕರೆಯಲೂ ಇಲ್ಲ, ಅವಸರಿಸಲೂ ಇಲ್ಲ. ಮೆಟ್ಟಿಲ ಮೇಲೆಯೇ ಕುಳಿತು ಎರಡೂ ಕೈ ಚಾಚಿದಳು. ಮಲ್ಲಿ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಈಚೆಗೆ ಬರತೊಡಗಿದಳು.