ಕಾಯಿಲೆ ಹೆಚ್ಚಲೆಂದು ಹೊತ್ತ ಹರಕೆ

ಸ್ವಾಮಿಯನ್ನು ನಂಬಿದ ಅಕ್ಕತಂಗಿಯರೇ, ನಾನು ಆಲೂರಿನ ಪಾಳ್ಯದ ಕಡೆಯವಳು. ಲಾರಿ ಓಡಿಸುತ್ತಿದ್ದ ಯಜಮಾನರು ತೀರಿಕೊಂಡ ಮರುವರ್ಷ, ಎರಡು ಸಾವಿರದ ಏಳರಲ್ಲಿ, ನನಗೂ ಎಚ್‌ಐವಿ ಇದೆಯೆಂದು ಹಾಸನದ ಆಸ್ಪತ್ರೆಯಲ್ಲಿ ತಿಳಿಯಿತು. ಸರ್ಕಾರದ ಮಾತ್ರೆ ಪುಕ್ಕಟೆ. ಆದರೆ ರಕ್ತದಲ್ಲಿ ರೋಗ ತಡೆಯುವ ಕಣಗಳ ಲೆಕ್ಕ, ಅಂದರೆ ಸಿಡಿ ಫೋರ್ ಎಣಿಕೆ, ಇನ್ನೂರಕ್ಕಿಂತ ಕೆಳಗಿಳಿದರೆ ಮಾತ್ರ ಎಂಬುದು ಆಗಿನ ನಿಯಮ. ನನ್ನದು ಮುನ್ನೂರು ಚಿಲ್ಲರೆ.

“ಇನ್ನೂ ಚೆನ್ನಾಗಿದ್ದೀರಮ್ಮ, ಆರು ತಿಂಗಳು ಬಿಟ್ಟು ಬನ್ನಿ,” ಎಂದರು ಡಾಕ್ಟರು.

ನಾನು ಕಾಫಿ ಕುಯ್ಲಿಗೆ ಹೋಗುತ್ತಿದ್ದ ಎಸ್ಟೇಟಿನ ಸಾಹುಕಾರರ ನೆಂಟರೊಬ್ಬರಿಗೂ ಇದೇ ರೋಗ. ಗೊತ್ತಾದ ವಾರವೇ ಅವರಿಗೆ ಬೆಂಗಳೂರಿನಲ್ಲಿ ಮಾತ್ರೆ ಶುರುವಾಯಿತೆಂದು ಅವರ ಅಡುಗೆಯವಳೇ ಹೇಳಿದಳು. ದುಡ್ಡೇ ದೊಡ್ಡಪ್ಪ ಅನ್ನುವುದು ಸುಳ್ಳಲ್ಲ.

ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದವಳು ಹೆಗ್ಗದ್ದೆಯ ಎಸ್ಟೇಟಿನ ಕೂಲಿ ಲೈನಿನ ಲಕ್ಷ್ಮಿ. ಅವಳಿಗೂ ಕಾಯಿರಿ ಎಂದೇ ಹೇಳಿದ್ದರು. ವಾಪಸು ಬಸ್ಸಿನಲ್ಲಿ ಅತ್ತಳು: “ಅಕ್ಕಾ, ಸಾಯೋ ಹಂಗಾದ್ಮೇಲೆ ಕೊಡೋ ಮಾತ್ರೆ ಯಾರಿಗ್ ಬೇಕು? ನನ್ ಮಗೀಗೆ ಇನ್ನೂ ನಾಕ್ ವರ್ಸ ಕಣಕ್ಕ.”

ನಾನು ಮೊದಲಿನಿಂದಲೂ ಸೋಮವಾರ ಒಪ್ಪತ್ತಿನವಳು. ಬುದ್ಧಿಗೆ ಮಂಕು ಕವಿದು ನಾನೇ ಹೇಳಿದೆ: “ಮಾತ್ರೆ ಸಿಗೋಗಂಟ ದಿನಾ ಒಪ್ಪತ್ತು ಇರ್ತೀವಿ ಅಂತ ಹರಕೆ ಹೊರಾಣ ಕಣೆ. ಮೈ ಇಳೀತದೆ, ಎಣಿಕೇನೂ ಇಳೀತದೆ. ಸ್ವಾಮಿ ಕೈ ಬಿಡಲ್ಲ.” ಅವಳೂ ಒಪ್ಪಿ ಹರಕೆ ಹೊತ್ತಳು. ವಿಭೂತಿ ಹಚ್ಚಿಕೊಂಡು, ಊರವರೆಲ್ಲ ರೋಗ ವಾಸಿಮಾಡೆಂದು ಬೇಡುವ ಸ್ವಾಮಿಯ ಗುಡಿಯಲ್ಲಿ, ನನ್ನ ರೋಗ ಹೆಚ್ಚಿಸೆಂದು ಬೇಡಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ.

ನಾಲ್ಕನೇ ತಿಂಗಳು ಕೆಮ್ಮು ಹಿಡಿಯಿತು, ಕಫದಲ್ಲಿ ರಕ್ತ ಬಂತು. ನನ್ನ ಕಥೆ ಮುಗಿಯಿತೆಂದೇ ಹಾಸನದ ಬಸ್ಸು ಹತ್ತಿದೆ. ಎಣಿಕೆ ಇನ್ನೂ ಇನ್ನೂರರ ಮೇಲೆಯೇ ಇತ್ತು. ಆದರೆ ಡಾಕ್ಟರು, “ಕ್ಷಯ ಇದೆ. ಕ್ಷಯ ಇದ್ದವರಿಗೆ ಎಣಿಕೆ ಇಷ್ಟಿದ್ದರೂ ಕೊಡಬಹುದು,” ಎಂದರು. ಮೊದಲು ಕ್ಷಯಕ್ಕೆ, ಆಮೇಲೆ ಇದಕ್ಕೆ ಮಾತ್ರೆ ಎಂದು ಬರೆದುಕೊಟ್ಟರು. ಅಲ್ಲೇ ಕೈಮುಗಿದು ಅತ್ತುಬಿಟ್ಟೆ. ಒಪ್ಪತ್ತಿನ ವಿಷಯ ಹೇಳಿದಾಗ ನರ್ಸಮ್ಮ ಮಾತ್ರ ಬೈದರು: “ಊಟ ಬಿಟ್ರೆ ಎಣಿಕೆ ಇಳಿಯೋಕ್ ಮುಂಚೆ ಜೀವ ಹೋಯ್ತದೆ ಕಣಮ್ಮ!”

ಇದನ್ನು ಲಕ್ಷ್ಮಿಗೆ ಹೇಳಬೇಕೆಂದು ಆ ಭಾನುವಾರವೇ ಹೆಗ್ಗದ್ದೆಗೆ ಹೋದೆ. ಬಾಗಿಲಲ್ಲಿ ಅವಳ ತಾಯಿ ಕೂತಿದ್ದರು.

“ಹೋಗ್ಬುಟ್ಲು ಕಣವ್ವ. ಬೇದಿ ಹಿಡ್ದು ಎಂಟೇ ದಿನ. ಗಂಜಿ ಕೊಟ್ರೆ ಬ್ಯಾಡ, ಹರಕೆ ಐತೆ ಅಂದ್ಲು.”

ಈಗ ಮೂರು ವರ್ಷವಾಯಿತು. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಬದುಕಿದ್ದೇನೆ. ಇದು ಸ್ವಾಮಿಯ ಕೃಪೆಯೇ, ಎಳ್ಳಷ್ಟೂ ಸಂಶಯವಿಲ್ಲ. ಆ ಹರಕೆ ಮಾತ್ರ ಅವನು ಕೇಳಿದ್ದಲ್ಲ, ನಾನು ಕಟ್ಟಿದ್ದು. ತಿಂಗಳಿಗೊಮ್ಮೆ ಹೆಗ್ಗದ್ದೆಗೆ ಹೋಗಿ ಲಕ್ಷ್ಮಿಯ ಮಗಳಿಗೆ ಕೈಯಾರೆ ಉಣ್ಣಿಸಿ ಬರುತ್ತೇನೆ. ನನ್ನ ಅಮ್ಮ ಯಾಕೆ ಉಣ್ಣಲಿಲ್ಲ ಎಂದು ಒಂದು ದಿನ ಅವಳು ಕೇಳಿಯೇ ಕೇಳುತ್ತಾಳೆ. ಆವತ್ತು ನಿಜ ಹೇಳುವ ಧೈರ್ಯ ಕೊಡು ಎಂದು ಬೇಡುತ್ತಿದ್ದೇನೆ. ನನಗಾಗಿ ನೀವೂ ಬೇಡಿಕೊಳ್ಳಿ.