ಹಂಪಕ್ಕ ಉಳಿಸಿದ ನೀರು

ಕುರಿ ಸಾಕಿದ ಮನೆತನದ ಹಂಪಕ್ಕನಿಗೆ ಕುರಿಗೂ ಹಾಕದ ಹುಲ್ಲಿಗೆ ನೀರು ಬಿಡುವ ಕೆಲಸ ಸಿಕ್ಕಿದ್ದು, ನಮ್ಮ ರಾಯದುರ್ಗದ ಓಣಿಗಳಲ್ಲಿ ಹೊಲಿಗೆ ಯಂತ್ರಗಳ ಸದ್ದು ನಿಲ್ಲದಿದ್ದ ಕಾಲದಲ್ಲಿ. ಬೆಳುಗುಪ್ಪ ಬಿಟ್ಟು ಬಂದವಳು, ಜೀನ್ಸ್ ಪ್ಯಾಂಟಿನ ದಾರ ಕತ್ತರಿಸಿ ಕತ್ತರಿಸಿ ಕಣ್ಣು ಮಂಜಾದ ಮೇಲೆ ಓಬುಲೇಶನ ಮನೆಯ ಲಾನ್ ನೋಡಿಕೊಳ್ಳತೊಡಗಿದಳು. ಓಬುಲೇಶ ನಮ್ಮ ಓಣಿಯವನೇ. ಹಂಪಕ್ಕನ ಪಕ್ಕ ಕೂತು ಹೊಲಿದು, ಅವಳ ಬುತ್ತಿಯ ರೊಟ್ಟಿ ತಿಂದು, ಆಮೇಲೆ ಮಾಲೀಕನಾದವನು. ಈಗ ಲಾನ್ ಇಲ್ಲದ ಮನೆ ಅವನ ಕಣ್ಣಿಗೆ ಮನೆಯೇ ಅಲ್ಲ!

ಓಣಿಯಲ್ಲಿ ಕೊಡಗಳು ಸಾಲುಗಟ್ಟಿ ಕಾಯುವಾಗ ಆ ಹುಲ್ಲು ಎರಡು ಹೊತ್ತೂ ಮೀಯುವುದನ್ನು ಹಂಪಕ್ಕನಿಗೆ ನೋಡಲಾಗಲಿಲ್ಲ. ಕೇಳಿಯೇಬಿಟ್ಟಳು.

"ಓಬುಲೇಶ, ಈ ಹುಲ್ಲಿಗೆ ಇಷ್ಟು ನೀರು ಯಾಕ? ವಾರಕ್ಕ ಎರಡು ಸಲ ಬಿಟ್ರ ಸಾಕು. ಉಳಿದದ್ದು ಓಣಿಗೆ ಕೊಡಪ್ಪ."

"ಆಗ್ಲಿ ಅಕ್ಕ. ನೀನು ಉಳಿಸು, ಗ್ವಾಡಿ ಹೊರಗ ನಾನು ನಳ ಹಾಕಿಸ್ತೀನಿ."

ಹಂಪಕ್ಕ ಮನೆಮನೆಗೂ ಹೋಗಿ, ನೀರು ಬರುತ್ತದೆ, ನಾನಿದ್ದೇನೆ ಎಂದು ಹೇಳಿ ಬಂದಳು. ಬಿಸಿಲೇರುವ ಮುಂಚೆಯೇ ನೀರು ಬಿಟ್ಟಳು. ಹುಲ್ಲನ್ನು ಬೋಳಿಸದೆ ಉದ್ದಕ್ಕೆ ಬಿಟ್ಟಳು. ಗೇಟಿನ ಪಕ್ಕದ ಅರ್ಧವನ್ನು ಒಣಗಲೆಂದೇ ಕೈಬಿಟ್ಟಳು. ಬೋರಿನ ನೀರು ಬೀಳುವ ಅವನ ಮನೆಯ ತೊಟ್ಟಿ ತುಂಬಿ ನಿಲ್ಲತೊಡಗಿತು, ಗೋಡೆಯಾಚೆ ನಳವೂ ಬಂತು. ನಾವು ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಗಂಗಮ್ಮನ ಪೂಜೆ ಮಾಡಿದೆವು. ಕಾಯಿ ಒಡೆದವನು ಓಬುಲೇಶನೇ. ಗಂಗಮ್ಮನ ಮುಂದೆ ಕಾಯಿ ಒಡೆದವನು ಮಾತಿಗೆ ತಪ್ಪುತ್ತಾನೆಯೇ? ಅದೇ ನಮ್ಮ ಪೆದ್ದುತನ. ತೊಟ್ಟಿಯಿಂದ ಹೊರಟ ಇನ್ನೊಂದು ಪೈಪು ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ.

ಕೆಲವು ದಿನ ನೀರು ಬಂತು, ಆಮೇಲೆ ನಿಂತಿತು. ಬೋರು ಸೋತಿತೆಂದು ನಂಬಿದ ಹಂಪಕ್ಕ ಹುಲ್ಲಿಗೆ ಇನ್ನಷ್ಟು ಕೈ ಬಿಗಿಹಿಡಿದಳು. ಕೊನೆಗೆ ಪೈಪಿನ ಜಾಡು ಹಿಡಿದು ಹಿತ್ತಲಿಗೆ ಹೋದರೆ, ಓಬುಲೇಶನ ಹೊಸ ಶೆಡ್ಡಿನಲ್ಲಿ ಅವಳು ಉಳಿಸಿದ ನೀರು ಪ್ಯಾಂಟು ತೊಳೆದು ನೀಲಿಯಾಗಿ ಚರಂಡಿಗೆ ಹರಿಯುತ್ತಿತ್ತು.

"ನಳ ಹಾಕಿಸ್ತೀನಿ ಅಂದಿದ್ದೆ, ಹಾಕ್ಸೀನಲ್ಲಕ್ಕ," ಎಂದು ಓಬುಲೇಶ ನಕ್ಕ.

ನಮ್ಮ ಓಣಿಯೇನು ಕಡಿಮೆಯೇ? "ನೀನೂ ಅವನ ಕಡೆಯಾಕಿನ ಬಿಡು," ಎಂದು ಅವಳ ಮುಖಕ್ಕೇ ಹೇಳಿತು.

ಮಾರನೆಯ ದಿನ ಹಂಪಕ್ಕ ಕೆಲಸಕ್ಕೆ ಹೋಗಲಿಲ್ಲ. ಸಂಜೆ ಓಬುಲೇಶ ಬಾಗಿಲಿಗೇ ಬಂದ.

"ಹುಲ್ಲು ಪೂರ್ತಿ ಒಣಗಾಕ ಹತ್ತೈತಿ, ಬಾ ಅಕ್ಕ."

ಹೊಟ್ಟೆಪಾಡು ಬಿಡುತ್ತದೆಯೇ? ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಬರ್ತೀನ್ರಿ ಸಾವ್ಕಾರ್ರ," ಎಂದಳು. "ಅಕ್ಕ ಅಂತ ಮಾತ್ರ ಕರೀಬ್ಯಾಡ್ರಿ."